ಸರಳಿನ ಬಿಸಿ ತುದಿ

ಕುಲುಮೆಯವನ ಮುಂದಿನ ಹಲ್ಲು ಉದುರಿದ್ದು ಹಿಂದಿನ ಸಲ ಊರಿನ ನೀರಿನ ಸಮಿತಿಗೆ ಓಟು ನಡೆದ ದಿನ. ಕಲ್ಲು ಬೀಸಿದವನು ಅವನ ಹೆಂಡತಿಯ ಒಡಹುಟ್ಟಿದ ತಮ್ಮ, ಹಾಲಿನವ. ಅದೇ ಸಂಜೆ ಕುಲುಮೆಯವನ ಕಡೆಯವರು ಹಾಲಿನವನನ್ನು ಕೆರೆ ಏರಿಯ ಮೇಲೆ ಕೆಡವಿಕೊಂಡು ಪಕ್ಕೆಗೆ ಒದ್ದಿದ್ದರು. ಈಗಲೂ ಅವನು ಕ್ಯಾನು ಎತ್ತುವಾಗ ಒಂದು ಕಡೆಗೆ ವಾಲುತ್ತಾನೆ. ಜಗಳದ ಮೂಲ ಒಂದೇ. ಊರಾಚೆಯ ಇಟ್ಟಿಗೆ ಗೂಡಿನಲ್ಲಿ ದುಡಿಯಲು ಬಂದು ಅಲ್ಲೇ ನೆಲೆನಿಂತವರಿಗೂ ಸಮಿತಿಯಲ್ಲಿ ಓಟು ಇರಬೇಕೋ ಬೇಡವೋ ಎಂಬುದು. ಹಾಲಿನವ ಗೂಡಿನವರ ಹುಡುಗಿಯನ್ನೇ ಮದುವೆಯಾಗಿ ಅವರ ನಡುವೆಯೇ ಮನೆ ಮಾಡಿದ್ದ.

ಮತ್ತೆ ಓಟು ಹತ್ತಿರ ಬಂದಾಗ ಸೂಲಗಿತ್ತಿ ಅಜ್ಜಿ ಎರಡೂ ಕಡೆಯವರನ್ನು ಆಗಾಗ ಸಂಜೆ ಕುಲುಮೆಯಲ್ಲಿ ಕೂರಿಸತೊಡಗಿದಳು. ಅಷ್ಟು ಜನ ಹಿಡಿಸುವ ಮಾಡು ಊರಲ್ಲಿ ಅದೊಂದೇ. ಕಟ್ಟುಪಾಡೂ ಅವಳದೇ. ಎದುರಿನವನಿಗೆ ಉತ್ತರ ಕೊಡುವ ಮೊದಲು ಅವನು ಹೇಳಿದ್ದನ್ನು ನಿನ್ನ ಬಾಯಲ್ಲಿ ಹೇಳಬೇಕು. ಅವನು "ಹೌದು, ಅದೇ" ಅನ್ನುವ ತನಕ ನಿನ್ನ ಮಾತು ಶುರುವಾಗುವಂತಿಲ್ಲ. ಯಾರಾದರೂ ಗೊಣಗಿದರೆ ಅವಳು, "ನಿಮ್ಮನ್ನೆಲ್ಲ ಹೊರಗೆ ಎಳೆದವಳು ನಾನು. ಸುಮ್ನಿರಿ, ತಿರುಗಿ ಒಳಗೆ ತುರುಕೋದೂ ಗೊತ್ತು," ಎನ್ನುತ್ತಿದ್ದಳು.

ಕಬ್ಬಿಣ ತೆಗೆದಿಡುವ ಕೆಲಸ ಕುಲುಮೆಯವನ ಹೆಂಡತಿಯದು. ಜನ ಬರುವ ಮೊದಲು ಸುತ್ತಿಗೆ, ಇಕ್ಕಳ, ಹರಿತಕ್ಕೆ ಬಂದ ಕುಡುಗೋಲು, ಗುಳ ಎಲ್ಲವನ್ನೂ ಒಳಕೋಣೆಗೆ ಹೊತ್ತು ಬೀಗ ಜಡಿದು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ಅವಳಿಗೆ ಗಂಡನೂ ಬೇಕು, ತಮ್ಮನೂ ಬೇಕು. ಇಬ್ಬರಲ್ಲಿ ಒಬ್ಬನ ಹೆಣ ಈ ಓಟಿನಲ್ಲಿ ಬೀಳುತ್ತದೆಂಬ ಭಯ ಅವಳನ್ನು ಬಿಟ್ಟಿರಲಿಲ್ಲ.

ಒಂದು ಸಂಜೆ ತಮ್ಮ ಮೊದಲು ಮಾತಾಡಿದ. "ಭಾವ, ಕೆರೆ ಹೂಳು ತೆಗೆಯೋವಾಗ ಗೂಡಿನವರು ಬಂದು ಮಣ್ಣು ಹೊತ್ರು. ಆಗ ಊರವರಾಗಿದ್ರು. ನೀರು ಯಾವತ್ತು ಬಿಡಬೇಕು ಅಂತ ಕೇಳೋವಾಗ ಮಾತ್ರ ಹೊರಗಿನವರಾ?"

"ಹೇಳೋ," ಎಂದಳು ಅಜ್ಜಿ ಕುಲುಮೆಯವನಿಗೆ.

ಕುಲುಮೆಯವ ಬೂದಿ ಮುಚ್ಚಿದ ಒಲೆಯ ಪಕ್ಕ ಕಾಲು ಚಾಚಿ ಕೂತಿದ್ದ. "ಇವನು ಹೇಳೋದು ಇಷ್ಟು. ಹೂಳು ಹೊತ್ತವರಿಗೆಲ್ಲ ಓಟು ಕೊಡಬೇಕು. ಕೋಣಾನೂ ಹೊತ್ತಿತ್ತು, ಅದಕ್ಕೂ ಒಂದು ಕೊಡೋಣ."

ಅವನ ಕಡೆಯವರು ಗೊಳ್ಳೆಂದು ನಕ್ಕರು. "ಕೋಣ ಯಾರ ಕಡೆಗೆ ಹಾಕುತ್ತೆ ಅಂತ ಮೊದಲೇ ಕೇಳ್ಕೊಳ್ರಪ್ಪಾ," ಎಂದ ಕ್ಷೌರದವ.

"ನಾನು ಹೇಳಿದ್ದು ಅದಲ್ಲ," ಎಂದ ಹಾಲಿನವ.

"ನಿನ್ನ ಹೆಂಡ್ತಿ ಕಡೆಯವರಲ್ವಾ, ಕೋಣ ಅಂದ್ರೆ ಉರಿಯುತ್ತೆ," ಎಂದ ಕುಲುಮೆಯವ.

ಹಾಲಿನವ ಎದ್ದ. ಎದ್ದವನ ಕಣ್ಣಿಗೆ ಒಲೆಯ ಅಂಚಿನಲ್ಲಿ ಒಂದು ಸರಳು ಬಿತ್ತು. ಕಪ್ಪಗೆ, ಒಂದು ತುದಿ ಜನರ ಕಡೆಗೆ. ಎಳೆದುಕೊಂಡ. ಚರ್ರೆಂದಿತು. ಸುಟ್ಟ ಚರ್ಮದ ವಾಸನೆ ಮಾಡಿನೊಳಗೆ ತುಂಬಿತು. ಕಬ್ಬಿಣದ ಕೆಂಪು ಆರಿದರೂ ಬಿಸಿ ಆರುವುದಿಲ್ಲ. ಹಾಲು ಕರೆಯುವ ಕೈಗೆ ಅದು ಎಲ್ಲಿ ಗೊತ್ತು? ಕೂಗುತ್ತಲೇ ಒಂದು ಸಲ ಬೀಸಿದ. ಸರಳು ಕುಲುಮೆಯವನ ಭುಜಕ್ಕೆ ಬಡಿದು ನೆಲಕ್ಕೆ ಬಿತ್ತು. ಅಂಗೈಯ ತೊಗಲು ಅದಕ್ಕೇ ಅಂಟಿಕೊಂಡು ಹೋಗಿತ್ತು.

ಆಮೇಲೆ ಯಾರು ಯಾರನ್ನು ಹೊಡೆದರೋ. ಗೂಡಿನ ಮುದುಕನೊಬ್ಬನ ತಲೆಯನ್ನು ಯಾರೋ ಕಬ್ಬಿಣ ಬಡಿಯುವ ಅಡಿಗಲ್ಲಿಗೆ ಚಚ್ಚಿದರು. ಕ್ಷೌರದವನ ಕಿವಿ ಹರಿದು ಕುತ್ತಿಗೆಯೆಲ್ಲ ರಕ್ತವಾಯಿತು. ಕುಲುಮೆಯವ ಭಾವಮೈದನನ್ನು ಕೆಡವಿ, ಹಿಂದೆ ಒದೆ ತಿಂದ ಅದೇ ಪಕ್ಕೆಯ ಮೇಲೆ ಮಂಡಿಯೂರಿ, ಮುಖಕ್ಕೆ ಗುದ್ದತೊಡಗಿದ. ಗುದ್ದಿ ಗುದ್ದಿ ಅವನ ಮುಷ್ಟಿಯೇ ಒದ್ದೆಯಾಯಿತು. ಹೆಂಡತಿ ಕಬ್ಬಿಣ ತಣಿಸುವ ತೊಟ್ಟಿಯ ಮಸಿನೀರನ್ನು ಬಕೆಟ್ಟಿನಲ್ಲಿ ಮೊಗೆದು ಇಬ್ಬರ ಮೇಲೂ ಸುರಿದಳು. ನೀರು ಸರಳಿಗೂ ತಾಗಿ ಬುಸ್ಸೆಂದು ಹಬೆ ಎದ್ದಿತು.

ಅವಳು ಸರಳನ್ನೇ ನೋಡುತ್ತ ನಿಂತಳು. ಹಬೆ ಏಳುತ್ತಿದ್ದುದು ಒಂದೇ ತುದಿಯಿಂದ, ತಮ್ಮ ಹಿಡಿದ ತುದಿಯಿಂದ. ಬಗ್ಗಿ ಇನ್ನೊಂದು ತುದಿ ಮುಟ್ಟಿದಳು. ತಣ್ಣಗಿತ್ತು.

ಕುಲುಮೆಯಲ್ಲಿ ಬಿಸಿ ತುದಿ ಯಾವಾಗಲೂ ಕೆಂಡದ ಕಡೆಗೆ. ಇದನ್ನು ಕಾಯಿಸಿ, ತಿರುಗಿಸಿ ಇಟ್ಟಿದ್ದರು. ಬೀಗ ಹಾಕಿದ ಮೇಲೆ ಒಲೆಯ ಪಕ್ಕ ಕೂತವನು ಗಂಡನೊಬ್ಬನೇ.

"ಅಜ್ಜಿ, ಈಗ ನನ್ನ ಸರದಿ," ಎಂದಳು.

ಏದುಸಿರು ಬಿಡುತ್ತಿದ್ದವರು ನಿಂತಲ್ಲೇ ನಿಂತರು.

"ಈ ಸರಳು ನಾನು ಮರೆತು ಬಿಟ್ಟಿದ್ದಲ್ಲ. ನೀವು ಕಾಯಿಸಿ ತಿರುಗಿಸಿ ಇಟ್ರಿ. ಇವನನ್ನು ಕೆಣಕಿದರೆ ಕೈ ಹಾಕ್ತಾನೆ ಅಂತ ಗೊತ್ತಿದ್ದೇ ಇಟ್ರಿ. ಹೇಳಿ ರೀ, ನಾನು ಹೇಳಿದ್ದೇನು?"

"ಕಬ್ಬಿಣ ತೆಗೆದಿಡೋದು ನಿನ್ನ ಕೆಲಸ..."

"ಅದಲ್ಲ."

"ಎಲ್ಲೋ ಒಂದು ಉಳಿದುಹೋಗಿದೆ ಅಂತ..."

"ಅದಲ್ಲ."

ಅವನು ಎದ್ದು ಬಂದು ಎಲ್ಲರೆದುರು ಅವಳ ಕೆನ್ನೆಗೆ ಬಾರಿಸಿದ. ಅವಳು ಬಾಗಿಲ ಕಂಬಕ್ಕೆ ತಾಗಿ ಸಾವರಿಸಿಕೊಂಡಳು. ತುಟಿ ಒಡೆದಿತ್ತು. ರಕ್ತ ಉಗಿದಳು.

"ಅದೂ ಅಲ್ಲ. ಮತ್ತೆ ಹೇಳಿ."

"ಹೇಳೋ ಲೋ," ಎಂದಳು ಅಜ್ಜಿ. ಈ ಸಲ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ಅವನ ಕಡೆಯವರಲ್ಲೂ ಯಾರೂ ಅವನ ಮುಖ ನೋಡಲಿಲ್ಲ. ಕ್ಷೌರದವ ಕಿವಿ ಒತ್ತಿ ಹಿಡಿದು ನೆಲ ನೋಡುತ್ತಿದ್ದ.

ಕುಲುಮೆಯವ ಬಾಯಿ ತೆರೆದ. ಹಲ್ಲಿಲ್ಲದ ಸಂದಿನಿಂದ ಮಾತು ಗಾಳಿಯಂತೆ ಬಂತು. "ನಾನು ಕಾಯಿಸಿದೆ. ತಿರುಗಿಸಿ ಇಟ್ಟೆ. ಇವನು ಹಿಡೀಲಿ ಅಂತ ಇಟ್ಟೆ. ಹಾಗಂತ ನೀನು ಹೇಳ್ತಿದ್ದೀಯ."

"ಹೌದು, ಅದೇ," ಎಂದಳು. "ಈಗ ಉತ್ತರ ಕೊಡಿ."

ಅವನು ಒದ್ದೆ ಮುಷ್ಟಿಯನ್ನು ಪಂಚೆಗೆ ಒರೆಸಿಕೊಂಡು ಒಲೆಯ ಕಡೆ ತಿರುಗಿದ. ಮುದುಕನ ತಲೆಗೆ ಬಟ್ಟೆ ಕಟ್ಟಿ ಗೂಡಿನವರು ಹೊರಗೆ ಒಯ್ದರು. ಅವಳು ಸೆರಗು ಹರಿದು ತಮ್ಮನ ಅಂಗೈಗೆ ಸುತ್ತಿ, ಅವನನ್ನು ಎಬ್ಬಿಸಿ ಹೆಗಲಿಗೆ ಒರಗಿಸಿಕೊಂಡಳು. ಒಂದು ಕಡೆಗೆ ವಾಲುತ್ತಿದ್ದವನು ಈಗ ಪೂರ್ತಿ ಅವಳ ಮೇಲೇ ಬಿದ್ದಿದ್ದ.

"ಬೀಗದ ಕೈ!" ಎಂದ ಕುಲುಮೆಯವ. ಸುತ್ತಿಗೆಯಿಂದ ಹಿಡಿದು ಅವನ ಕಸುಬೆಲ್ಲ ಒಳಕೋಣೆಯಲ್ಲಿತ್ತು.

"ನನ್ನ ಸೊಂಟದಲ್ಲೇ ಇದೆ. ಉತ್ತರ ಸಿಕ್ಕಿದ ದಿನ ಗೂಡಿನ ಹತ್ತಿರ ಬನ್ನಿ. ಅಲ್ಲಿ ಎಲ್ಲರ ಎದುರು ಹೇಳಿ, ಕೊಡ್ತೀನಿ. ಬೀಗ ಒಡೆದರೆ ಅದೇ ನಿಮ್ಮ ಉತ್ತರ ಅಂದ್ಕೋತೀನಿ."

ಅವಳು ತಮ್ಮನೊಡನೆ ಕೆರೆ ಏರಿ ಹತ್ತಿದಳು. ಹಿಂದಿನಿಂದ ಬೀಗ ಒಡೆಯುವ ಸದ್ದು ಬರುತ್ತದೇನೋ ಎಂದು ಏರಿಯ ಉದ್ದಕ್ಕೂ ಕಿವಿಗೊಟ್ಟೇ ನಡೆದಳು. ಗೂಡಿನ ಹೊಗೆ ಕಾಣುವ ತನಕ ಆ ಸದ್ದು ಬರಲಿಲ್ಲ.