ಪ್ರಾರ್ಥನೆಯ ಕೊನೆಯ ಮಾತು

ಮಗಳ ಎಡಗಡೆಯ ಜಡೆ ಮುಗಿಸಿ ಬಲಗಡೆಗೆ ಕೈ ಹಾಕಿದ್ದೆ. ಸ್ಕೂಲಿಗೆ ರಜೆ. ಆದರೂ ಅವಳೇ ಬಾಚಣಿಗೆ ತಂದು ಕೂತಿದ್ದಳು. ಅತ್ತೆಯ ಭಾಷಣವನ್ನು ಕೆದರಿದ ತಲೆಯಲ್ಲಿ ನೋಡಬಾರದಂತೆ.

"ನೀನು ಅವರನ್ನ ನೋಡೋದು ಕಣೆ, ಅವರು ನಿನ್ನ ನೋಡಲ್ಲ."

"ಅತ್ತೆಗೆ ಎಲ್ಲಾ ಕಾಣ್ಸುತ್ತೆ. ಹೋದ್ಸಲ ನಾನು ಉಗುರು ಕಚ್ತಿದ್ದಿದ್ದು ಫೋನಲ್ಲೇ ಗೊತ್ತಾಗ್ಲಿಲ್ವಾ?"

ಅತ್ತೆಯೆಂದರೆ ನನ್ನ ಗಂಡನ ಅಕ್ಕ, ನನಗೆ ಅತ್ತಿಗೆ. ದೇವಶಾಸ್ತ್ರದ ಕಾಲೇಜಿನಲ್ಲಿ ನೀತಿಶಾಸ್ತ್ರ ಕಲಿಸುತ್ತಾರೆ. ಕ್ರೈಸ್ತ ನೀತಿ ಮತ್ತು ನ್ಯಾಯದ ಬಗ್ಗೆ ಪ್ರತಿವರ್ಷ ನಡೆಯುವ ವಿದ್ವಾಂಸರ ಸಭೆಯಲ್ಲಿ ಈ ಸಲ ಮೊದಲ ಉಪನ್ಯಾಸ ಅವರದು. ಫೋನಿನಲ್ಲಿ ನೇರವಾಗಿ ತೋರಿಸುತ್ತಿದ್ದರು. ಸಕ್ಕರೆ ಡಬ್ಬಿಗೆ ಒರಗಿಸಿ ಇಟ್ಟಿದ್ದೆವು.

ಮೊದಲು ದೊಡ್ಡ ದೊಡ್ಡ ಮಾತು ಬಂತು. ಮಗಳು ಆಕಳಿಸಿದಳು. ಅಷ್ಟರಲ್ಲಿ ಅತ್ತಿಗೆ ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು.

"ನನಗೆ ಗೊತ್ತಿರುವ ಒಂದು ಮನೆಯಲ್ಲಿ ಮಗು ಪ್ರಾರ್ಥನೆಯ ಕೊನೆಗೆ ಆಮೆನ್ ಅನ್ನುವುದಿಲ್ಲ. 'ಆಮೇಲೆ' ಅನ್ನುತ್ತದೆ."

ಸಭೆ ನಕ್ಕಿತು. ನನ್ನ ಕೈಯಲ್ಲಿ ಬಾಚಣಿಗೆ ನಿಂತಿತು.

ಮಾತು ಕಲಿಯುವಾಗ ಆಮೆನ್ ಎನ್ನಲು ನಾಲಗೆ ಹೊರಳದೆ ಮಗಳು ಆಡಿದ ಮಾತದು. ಅವಳಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕು ತಾವೂ ಹಾಗೇ ಹೇಳತೊಡಗಿದ್ದರು. ಅಂದಿನಿಂದ ನಮ್ಮ ಪ್ರಾರ್ಥನೆಗಳೆಲ್ಲ ಹಾಗೇ ಮುಗಿಯುತ್ತವೆ. 'ಅಪ್ಪ ಬೇಗ ಮನೆಗೆ ಬರಲಿ, ಆಮೇಲೆ.'

"ಅಮ್ಮಾ, ನನ್ನ ವಿಷ್ಯ!" ಮಗಳು ಕೂತಲ್ಲೇ ಕುಣಿದಳು. ನಾನು ಫೋನಿಗೆ ಕೈ ಚಾಚಿದೆ. ಅವಳು ಎದೆಗೆ ಅವಚಿಕೊಂಡಳು.

"ಆ ಮಗುವಿನ ತಂದೆ ಜೈಲಿನಲ್ಲಿದ್ದಾನೆ. ವ್ಯಾನ್ ಓಡಿಸುತ್ತಾ ಒಬ್ಬ ವೃದ್ಧರಿಗೆ ಗುದ್ದಿ, ನಿಲ್ಲಿಸದೆ ಹೋದವನು. ಅಪ್ಪ ಹಡಗಿನಲ್ಲಿ ಕೆಲಸ ಮಾಡುತ್ತಾನೆ ಅಂತ ತಾಯಿ ಹೇಳಿದ್ದಾಳೆ. ಪ್ರೀತಿಯ ಹೆಸರಿನಲ್ಲಿ ಆಡಿದ ಈ ಸುಳ್ಳು ಸತ್ತವರಿಗೂ ಅನ್ಯಾಯ, ಮಗುವಿಗೂ ಅನ್ಯಾಯ. ನಾವೆಲ್ಲರೂ ನ್ಯಾಯಕ್ಕೆ 'ಆಮೇಲೆ' ಅನ್ನುತ್ತಿದ್ದೇವೆ."

ಚಪ್ಪಾಳೆ.

ಮಗಳು ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಅರ್ಧ ಜಡೆಯಲ್ಲೇ ಹೋಗಿ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಳು.

ಆ ಹಡಗು ನನ್ನದಲ್ಲ. ಪೊಲೀಸರು ಅವಳಪ್ಪನನ್ನು ಕರೆದೊಯ್ದ ದಿನ, ನನಗೆ ಬಾಯೇ ಬಾರದೆ ಇದೇ ಅಡುಗೆಮನೆಯಲ್ಲಿ ಕೂತಿದ್ದಾಗ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಡಗು ಕಟ್ಟಿದವರು ಅತ್ತಿಗೆ. ಬಂದಾಗಲೆಲ್ಲ ಅದಕ್ಕೊಂದು ಅಂತಸ್ತು ಏರಿಸುತ್ತಿದ್ದರು. "ನಿಂಗೆ ಧೈರ್ಯ ಬಂದಾಗ ನೀನೇ ಹೇಳು. ನನ್ನ ಬಾಯಿಂದ ಬರಲ್ಲ" ಎಂದು ನನ್ನ ಕೈ ಹಿಡಿದಿದ್ದರು. ಅದನ್ನು ನಂಬಿಕೊಂಡೇ ಇಲ್ಲಿಯವರೆಗೆ ಬಂದಿದ್ದೆ.

ಸ್ವಲ್ಪ ಹೊತ್ತಿಗೆ ಫೋನ್ ಬಡಿದುಕೊಂಡಿತು.

"ನೋಡಿದ್ಯೇನೇ? ಎಲ್ರೂ ಎದ್ದು ನಿಂತು ಚಪ್ಪಾಳೆ ಹೊಡೆದ್ರು!"

"ಅವಳೂ ನೋಡಿದ್ಲು, ಅತ್ತಿಗೆ."

ಆ ಕಡೆ ಕಪ್-ಸಾಸರುಗಳ ಸದ್ದು. "ಅವಳಿಗ್ಯಾಕೆ ತೋರಿಸ್ದೆ? ಅದೇನು ಮಕ್ಕಳು ನೋಡೋ ಕಾರ್ಯಕ್ರಮಾನಾ?"

"ಅತ್ತೆ ಮಾತಾಡ್ತಾಳೆ, ತಪ್ಪದೆ ನೋಡು ಪುಟ್ಟಿ ಅಂತ ನೀವೇ ಅಂದಿದ್ರಿ."

"ನಾನು ಯಾರ ಹೆಸರನ್ನೂ ಎತ್ತಿಲ್ಲ. ಹೆಸರು ಹೇಳದಿದ್ರೆ ತಪ್ಪಿಲ್ಲ, ನಮ್ಮಲ್ಲಿ ಅದಕ್ಕೆ ನಿಯಮಾನೇ ಇದೆ."

"ಅವಳ ಮಾತು ಹೇಳಿದ್ರಲ್ಲ. ಹಾಗನ್ನೋಳು ಪ್ರಪಂಚದಲ್ಲಿ ಅವಳೊಬ್ಬಳೇ. ಹೋಗ್ಲಿ, ಹಡಗು ಯಾರದು ಅಂತಾನೂ ಹೇಳ್ಬೇಕಿತ್ತು."

ಅತ್ತಿಗೆ, "ಇಲ್ಲಿ ಜನ ಕಾಯ್ತಿದಾರೆ. ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಟ್ಟರು.

ನಾನು ಬಾಚಣಿಗೆ ತೆಗೆದುಕೊಂಡು ಮೆಟ್ಟಿಲಿಗೆ ಹೋದೆ. ಅವಳ ಹಿಂದೆ ಕೂತು, ಬಿಚ್ಚಿಹೋದ ಕೂದಲನ್ನು ಮತ್ತೆ ಮೂರು ಮಾಡಿದೆ. ಸಿಕ್ಕು ಎಳೆದಾಗ ದಿನಾ ಕಿರುಚುವವಳು ಇಂದು ಕಿರುಚಲಿಲ್ಲ. ಹಡಗಿನ ಬಗ್ಗೆ ಕೇಳುತ್ತಾಳೆ, ಯಾಕೆ ಸುಳ್ಳು ಹೇಳಿದೆ ಅಂತ ಕೇಳುತ್ತಾಳೆ ಅಂದುಕೊಂಡು ಅದಕ್ಕೆಲ್ಲ ಮನಸ್ಸಿನಲ್ಲೇ ಉತ್ತರ ಹೊಂದಿಸುತ್ತಿದ್ದೆ. ರಿಬ್ಬನ್ ಕಟ್ಟುವಷ್ಟರಲ್ಲಿ ಅವಳು ಜಡೆ ಬಿಡಿಸಿಕೊಂಡು ತಿರುಗಿ ಕೂತಳು.

"ಆಮೇಲೆ ಅನ್ಬೇಡ ಅಮ್ಮಾ, ಈಗ್ಲೇ ಹೇಳು. ಆ ತಾತ ಬಿದ್ದಾಗ ಅಪ್ಪ ಯಾಕೆ ನಿಲ್ಲಿಸ್ಲಿಲ್ಲ?"