ಹಿಂದಿನ ಸೀಟಿನ ಎಡಬದಿ

ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ವಾಹನಗಳ ವೈರಿಂಗ್ ರಿಪೇರಿ ಮಾಡುವ ಹೆಂಗಸು ಎಲ್ಲರಿಗೂ ಲೈಟಕ್ಕ. ಹಾರನ್ನು ಕೂಗದಿದ್ದರೂ ಅವಳೇ, ಕೂಗು ನಿಲ್ಲಿಸದಿದ್ದರೂ ಅವಳೇ. ಒಂದು ಭಾನುವಾರ ಮಧ್ಯಾಹ್ನ ಅಂಗಡಿಯ ಮುಂದೆ ನಿಂತ ಬೂದು ಬಣ್ಣದ ಕಾರಿನಿಂದ ತಲೆ ನರೆತ ಗಂಡಸೊಬ್ಬ ಇಳಿದಾಗ ಅವಳಿಗೆ ಗುರುತು ಹತ್ತಲು ಒಂದು ಗಳಿಗೆ ಬೇಕಾಯಿತು. ಭಾವ. ತೀರಿಕೊಂಡ ಅಕ್ಕನ ಗಂಡ. ಅವನನ್ನು ನೋಡಿ ಆರು ವರ್ಷವಾಗಿತ್ತು.

ಇಬ್ಬರ ನಡುವೆ ಜಗಳವೇನೂ ಆಗಿರಲಿಲ್ಲ. ಜಗಳವಾಗಿದ್ದರೆ ರಾಜಿಯಾದರೂ ಆಗಬಹುದಿತ್ತು. ಅಕ್ಕ ಹೋದಾಗ ಮಗುವಿಗೆ ಮೂರು ವರ್ಷ. ಮುಂದಿನ ಎರಡು ವರ್ಷ ಆ ಮಗು ಬೆಳೆದದ್ದು ಲೈಟಕ್ಕನ ಸೊಂಟದ ಮೇಲೆ. 'ಚಿಕ್ಕಮ್ಮ' ಎನ್ನಲು ಬಾರದೆ 'ಚಿಮ್ಮ' ಎನ್ನುತ್ತಿತ್ತು. ಆಮೇಲೆ ಭಾವ ಮರುಮದುವೆಯಾದ. ಬಂದವಳು ಒಳ್ಳೆಯವಳು, ಅವಳ ಮೇಲೆ ಬೆರಳೆತ್ತಿ ತೋರಿಸಲು ಒಂದು ಕಾರಣವೂ ಇರಲಿಲ್ಲ. ಮಗು ಹೊಸಬಳನ್ನು ಏನೆಂದು ಕರೆಯಬೇಕು ಎಂಬ ಪ್ರಶ್ನೆ ಬಂದಾಗ ಭಾವನ ತಾಯಿ, ಸದ್ಯಕ್ಕೆ ಚಿಕ್ಕಮ್ಮ ಎನ್ನಲಿ ಎಂದು ತೀರ್ಮಾನ ಕೊಟ್ಟರು. ಒಂದೇ ಮನೆಯಲ್ಲಿ ಇಬ್ಬರು ಚಿಕ್ಕಮ್ಮಂದಿರಾದರೆ ಮಗುವಿಗೆ ಗೊಂದಲವಲ್ಲವೇ? ಲೈಟಕ್ಕ ವಾರಕ್ಕೊಮ್ಮೆ ಹೋಗುತ್ತಿದ್ದವಳು ತಿಂಗಳಿಗೊಮ್ಮೆ ಹೋದಳು, ಆಮೇಲೆ ಯಾರದಾದರೂ ಮದುವೆಯಲ್ಲಿ ಕಂಡರೆ ಉಂಟು, ಇಲ್ಲದಿದ್ದರೆ ಇಲ್ಲ.

ಭಾವ ಕುಶಲ ಕೇಳಿ, ಕಾರಿನ ಕಥೆಗೆ ಬಂದ. ಸಂಜೆ ಲೈಟು ಹಾಕಿಕೊಂಡು ಹೊರಟರೆ ಒಮ್ಮೊಮ್ಮೆ ಹಿಂದಿನ ದೀಪಗಳೂ ಮೀಟರಿನ ಬೆಳಕೂ ಒಟ್ಟಿಗೇ ಸತ್ತುಹೋಗುತ್ತವೆ. ನೋಡಿದರೆ ಫ್ಯೂಸು ಸುಟ್ಟಿರುತ್ತದೆ. ಮೂವರು ಮೆಕ್ಯಾನಿಕ್‌ಗಳು ನೋಡಿದ್ದಾಯಿತು. ಒಬ್ಬ ಬಲ್ಬು ಬದಲಿಸಿದ, ಇನ್ನೊಬ್ಬ ಸ್ವಿಚ್ಚನ್ನೇ ಬದಲಿಸಿದ. ಅವರ ಮುಂದೆ ಮಾತ್ರ ಎಲ್ಲವೂ ಸರಿ, ವೈದ್ಯರ ಎದುರು ಕೂತೊಡನೆ ಹಲ್ಲುನೋವು ಮಾಯವಾದ ಹಾಗೆ.

ಲೈಟಕ್ಕ ಫ್ಯೂಸು ಕಿತ್ತು, ಆ ಜಾಗಕ್ಕೆ ಎರಡು ವೈರು ಸಿಕ್ಕಿಸಿ ಒಂದು ಹೆಡ್‌ಲೈಟ್ ಬಲ್ಬು ಕಟ್ಟಿದಳು. ಎಲ್ಲ ಸರಿಯಿದ್ದರೆ ಈ ಬಲ್ಬು ಮಂಕಾಗಿ ಕೆಂಪಗಿರುತ್ತದೆ, ಎಲ್ಲಾದರೂ ವೈರು ಕಾರಿನ ಲೋಹದ ಮೈಗೆ ತಗುಲಿದರೆ ಧಗ್ಗೆಂದು ಉರಿಯುತ್ತದೆ. ಫ್ಯೂಸು ಸುಡುವುದಿಲ್ಲ, ಕಳ್ಳನೂ ಸಿಕ್ಕಿಬೀಳುತ್ತಾನೆ. ಡಿಕ್ಕಿ ಮುಚ್ಚಿ ತೆಗೆದಳು, ಬಾಗಿಲು ಬಡಿದಳು, ವೈರುಗಳನ್ನು ಎಳೆದು ಅಲ್ಲಾಡಿಸಿದಳು. ಬಲ್ಬು ಮಂಕಾಗಿಯೇ ಇತ್ತು.

ಯಾವಾಗ ಆಗುತ್ತದೆ, ಆಗ ಕಾರಿನಲ್ಲಿ ಯಾರಿರುತ್ತಾರೆ ಎಂದು ಕೇಳಿದಳು. ಭಾವ ಯೋಚಿಸಿ, ತಾನೊಬ್ಬನೇ ಇದ್ದಾಗ ಒಮ್ಮೆಯೂ ಆಗಿಲ್ಲ, ಮಗಳನ್ನು ಟ್ಯೂಷನ್ನಿನಿಂದ ಕರೆತರುವಾಗಲೇ ಆಗುವುದು ಎಂದ. ಅವಳು ಎಲ್ಲಿ ಕೂರುತ್ತಾಳೆ? ಹಿಂದೆ, ಎಡಬದಿಗೆ, ಕಾಲು ಮಡಚಿಕೊಂಡು.

ಲೈಟಕ್ಕನಿಗೆ ಅಲ್ಲಿಗೇ ಅರ್ಧ ಉತ್ತರ ಸಿಕ್ಕಿತು. ಹಿಂದಿನ ದೀಪಗಳಿಗೆ ಹೋಗುವ ವೈರು ಆ ಸೀಟಿನ ಕೆಳಗೇ ಹಾದುಹೋಗುತ್ತದೆ. ಪಕ್ಕದಲ್ಲಿ ಎರಡು ಹಳೆಯ ಬ್ಯಾಟರಿಗಳಿದ್ದವು, ಭಾರಕ್ಕೆಂದು ಎತ್ತಿ ಸೀಟಿನ ಮೇಲಿಟ್ಟರೆ ಮುಗಿಯುತ್ತಿತ್ತು. ಅವಳ ಕೈ ಅತ್ತ ಹೋಗಲಿಲ್ಲ.

"ಹಾಗಾದ್ರೆ ಅವಳನ್ನೇ ಕರ್ಕೊಂಡು ಬನ್ನಿ ಭಾವ," ಎಂದಳು. "ಅವಳು ಕೂತ್ರೆ ಗೊತ್ತಾಗತ್ತೆ."

ಭಾವ ಅವಳ ಮುಖ ನೋಡಿದ. ಕಾರು ಹತ್ತಿದ.

ಅವರು ಬರುವವರೆಗಿನ ಒಂದು ಗಂಟೆಯಲ್ಲಿ ಲೈಟಕ್ಕ ಮೂರು ಸಲ ಕೈ ತೊಳೆದಳು. ಗ್ರೀಸು ಹೋದರೂ ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ. ಮಗುವಿನ ತಲೆಗೂದಲಿನ ವಾಸನೆ, ನಿದ್ದೆ ಬಂದಾಗ ತನ್ನ ಕಿವಿಯ ಓಲೆ ಹಿಡಿದು ತಿರುವುತ್ತಿದ್ದ ಪುಟ್ಟ ಬೆರಳು, ಎಲ್ಲವೂ ನಿನ್ನೆಯಂತೆ ನೆನಪಾದವು. ತನಗೆ ನೆನಪಿರುವುದರಲ್ಲಿ ಕಾಸಿನಷ್ಟೂ ಆ ಹುಡುಗಿಗೆ ನೆನಪಿರಲಾರದು ಎಂದೂ ತಿಳಿದಿತ್ತು.

ಬಂದವಳು ಹದಿನೈದರ ಉದ್ದನೆಯ ಹುಡುಗಿ. ಅಕ್ಕನ ಹುಬ್ಬು, ಯಾರದೋ ನಡಿಗೆ. ನಮಸ್ಕಾರ ಎಂದಳು. ಲೈಟಕ್ಕ ತಬ್ಬಿಕೊಳ್ಳಲಿಲ್ಲ, ತನ್ನ ಬಟ್ಟೆಯೆಲ್ಲ ಎಣ್ಣೆಯಾಗಿತ್ತು. ಫ್ಯೂಸಿನ ಜಾಗಕ್ಕೆ ಮತ್ತೆ ಬಲ್ಬು ಕಟ್ಟಿ, ಸೀಟು ತೋರಿಸಿ, ದಿನಾ ಕೂರುವ ಹಾಗೆಯೇ ಕೂತುಕೋ ಎಂದಳು.

ಹುಡುಗಿ ಕಾಲು ಮಡಚಿ ಕೂತಳು. ಬಲ್ಬು ಮಂಕಾಗಿಯೇ ಇತ್ತು. ಕಿಟಕಿಯ ಕಡೆಗೆ ಒರಗಿದೊಡನೆ ಧಗ್ಗೆಂದು ಹತ್ತಿ ಅಂಗಡಿಯ ಗೋಡೆಯೆಲ್ಲ ಬೆಳ್ಳಗಾಯಿತು. ಎದ್ದರೆ ಮಂಕು, ಒರಗಿದರೆ ಬೆಳಕು. ಹುಡುಗಿ ನಗುತ್ತ ನಾಲ್ಕೈದು ಸಲ ಎದ್ದು ಕೂತಳು. ಲೈಟಕ್ಕ ಒಂದೇ ಸಲ ಸಾಕು ಎನ್ನಲಿಲ್ಲ.

ಸೀಟು ಎತ್ತಿದಾಗ ವೈರು ಸಿಕ್ಕಿತು. ಸೀಟಿನ ಕಬ್ಬಿಣದ ಕಾಲು ಒತ್ತಿ ಒತ್ತಿ ಹೊದಿಕೆ ಸವೆದು, ಅಕ್ಕಿಕಾಳಿನಷ್ಟು ತಾಮ್ರ ಹೊಳೆಯುತ್ತಿತ್ತು. ಹುಡುಗಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಟಾರ್ಚು ಹಿಡಿದಳು. ಇಷ್ಟು ಹೊತ್ತು 'ಇಲ್ನೋಡಿ', 'ಹೀಗಾ' ಎಂದೇ ಮಾತು ನಡೆಸಿದ್ದವಳು ತಟ್ಟನೆ ಕೇಳಿದಳು.

"ನಾನು ನಿಮ್ಮನ್ನ ಏನಂತ ಕರೀಲಿ?"

"ಎಲ್ಲರೂ ಲೈಟಕ್ಕ ಅಂತಾರೆ."

"ನೀವು ನಂಗೆ ಅಕ್ಕ ಅಲ್ವಲ್ಲ."

ಲೈಟಕ್ಕ ಟೇಪು ಸುತ್ತುತ್ತಲೇ ಇದ್ದಳು. ನಾಲಗೆಯ ತುದಿಯಲ್ಲಿ ಆ ಪದವಿತ್ತು. ಆದರೆ ಕೊಟ್ಟುಬಿಟ್ಟದ್ದನ್ನು ಕೇಳಿ ಪಡೆಯುವುದು ಅವಳಿಗೆ ಬಾರದು. ನಿನಗೆ ಹೇಗೆ ಬರುತ್ತದೋ ಹಾಗೆ ಕರಿ ಎಂದು ಮೆಲ್ಲಗೆ ಹೇಳಿದಳು. ಹುಡುಗಿ ಆಗಲಿ ಎಂದು ತಲೆಯಾಡಿಸಿ, ತನ್ನಮ್ಮನಿಗೂ ಈ ಕೆಲಸ ಬರುತ್ತಿತ್ತೇ ಎಂದು ವಿಚಾರಿಸಿದಳು. ಅಯ್ಯೋ, ಬಲ್ಬು ಬದಲಿಸಬೇಕಾದರೂ ಎರಡು ಬೀದಿ ಆಚೆಯಿಂದ ನನಗೇ ಹೇಳಿಕಳಿಸುತ್ತಿದ್ದಳು, ನಾನು ಸ್ಟೂಲು ಹತ್ತಿದರೆ ಅವಳು ಕಣ್ಣುಮುಚ್ಚಿ ಕೂರುತ್ತಿದ್ದಳು ಎಂದಾಗ ಹುಡುಗಿ ಬಾಯ್ತುಂಬ ನಕ್ಕಳು. ಅಮ್ಮನ ಬಗ್ಗೆ ಮನೆಯಲ್ಲಿ ಯಾರೂ ನಗುವಂಥದ್ದು ಹೇಳುವುದಿಲ್ಲ ಎಂದಳು.

ವೈರಿಗೆ ರಬ್ಬರ್ ಕೊಳವೆ ತೊಡಿಸಿ, ಸೀಟಿನ ಕಾಲಿನಿಂದ ದೂರಕ್ಕೆ ಕಟ್ಟಿ, ಹೊಸ ಫ್ಯೂಸು ಹಾಕಿದ್ದಾಯಿತು. ಹುಡುಗಿ ಕಾರಿನಲ್ಲಿ ಕೂತ ಮೇಲೆ ಭಾವ ತಡೆದು ನಿಂತ.

"ಆ ಸೀಟಲ್ಲಿ ನಾನೇ ಕೂತಿದ್ರೂ ಗೊತ್ತಾಗ್ತಿತ್ತಲ್ವಾ?"

"ಗೊತ್ತಾಗ್ತಿತ್ತು," ಎಂದಳು ಲೈಟಕ್ಕ.

ಭಾವ ನೆಲ ನೋಡಿದ. "ನೀನು ಕೇಳಿದ್ದು ಒಳ್ಳೇದಾಯ್ತು. ನಾನೇ ಕರ್ಕೊಂಡು ಬರ್ಬೇಕಿತ್ತು, ಎಷ್ಟೋ ಮುಂಚೆ."

ಹೌದು ಎಂದಳು ಅವಳು.

ಮೂರು ವಾರ ಕಳೆಯಿತು. ಬೂದು ಬಣ್ಣದ ಕಾರು ಬೀದಿಯ ತಿರುವಿನಲ್ಲಿ ಕಂಡಾಗಲೆಲ್ಲ ಅವಳ ಕೈ ನಿಲ್ಲುತ್ತಿತ್ತು, ಅದು ಬೇರೆ ಯಾರದೋ ಆಗಿರುತ್ತಿತ್ತು. ಕೊನೆಗೆ ಭಾವನ ಫೋನು ಬಂತು. ದೀಪಗಳು ಒಮ್ಮೆಯೂ ಕೈಕೊಟ್ಟಿಲ್ಲವಂತೆ. ತನ್ನ ಕೆಲಸ ಚೆನ್ನಾಗಿ ಆದದ್ದಕ್ಕೆ ಲೈಟಕ್ಕ ಬೇಸರಪಟ್ಟದ್ದು ಅದೇ ಮೊದಲು. ಇನ್ನೇನು ಇಡಬೇಕು ಎನ್ನುವಾಗ ಅತ್ತ ಫೋನು ಕೈ ಬದಲಾಯಿತು.

"ನಾನು," ಎಂದಿತು ಹುಡುಗಿಯ ದನಿ. "ಪರೀಕ್ಷೆ ಮುಗಿದ್ಮೇಲೆ ಬರ್ಲಾ? ಬಸ್ಸಲ್ಲಿ, ಒಬ್ಳೇ. ಅಮ್ಮಂಗೆ ಕೇಳಿದೀನಿ, ಹೋಗು ಅಂದ್ರು."

ಹೊಸಬಳು ಈಗ ಅಮ್ಮನಾಗಿದ್ದಳು, ಚಿಕ್ಕಮ್ಮ ಎಂಬ ಪದ ಖಾಲಿಯಿತ್ತು. ಲೈಟಕ್ಕ ಬಾ ಎಂದಳು. ಯಾವ ಬಸ್ಸು, ಎಲ್ಲಿ ಇಳಿಯಬೇಕು ಎಂದು ಎರಡೆರಡು ಸಲ ಹೇಳಿದಳು. ಪರೀಕ್ಷೆ ಮುಗಿಯಲು ಇನ್ನೂ ಹನ್ನೊಂದು ದಿನವಿತ್ತು. ಫೋನಿಟ್ಟು ಹೊರಗೆ ಬಂದು, ಬಿಚ್ಚಿಟ್ಟಿದ್ದ ಯಾರದೋ ಡೈನಮೋ ಮುಂದೆ ಕೂತಳು. ಯಾವ ಸ್ಕ್ರೂ ಎಲ್ಲಿಯದು ಎಂಬುದೇ ಬಹಳ ಹೊತ್ತು ನೆನಪಾಗಲಿಲ್ಲ.