ಹೊಟ್ಟೆಯಲ್ಲಿ ನಲ್ಲಿ ನೀರು

ನಾನು ಐದು ಲೀಟರಿನ ಒಂದು ಪ್ಲಾಸ್ಟಿಕ್ ಕ್ಯಾನು. ಬಿಸಿ ಅಚ್ಚಿನಿಂದ ನನ್ನ ಜೊತೆ ಹೊರಬಿದ್ದವರೆಲ್ಲ ಎಣ್ಣೆ, ಜೇನುತುಪ್ಪ ಅಂತ ಹೋದರು. ನನ್ನ ಹಣೆಯಲ್ಲಿ ಮೂತ್ರ ಬರೆದಿತ್ತು. ಬೇಸರವೇನಿಲ್ಲ, ಯಾರಾದರೂ ಹೊರಬೇಕಲ್ಲ!

ತುಮಕೂರಿನ ಒಂದು ಆಸ್ಪತ್ರೆಯಲ್ಲಿ ನನ್ನ ಮೇಲೆ ಪರಮಶಿವಯ್ಯ ಎಂಬ ಹೆಸರು ಅಂಟಿಸಿದರು. ಬಸ್ ಡ್ರೈವರ್ ಆಗಿದ್ದ ಅವರ ಹೃದಯ ಈಗ ಸೋತಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಹೃದಯದ ಗೋಡೆಯಲ್ಲಿ ಕೊಲಾಜೆನ್ ಎಂಬ ನಾರು ಇರುತ್ತದಂತೆ. ಅದು ಸವೆಯುತ್ತ, ಹೊಸದಾಗಿ ಬೆಳೆಯುತ್ತ ಇರುವಾಗ ಚೂರುಗಳು ರಕ್ತಕ್ಕೂ ಮೂತ್ರಕ್ಕೂ ಸೇರುತ್ತವೆ. ಅವನ್ನು ಅಳೆದರೆ ಹೃದಯ ಎಷ್ಟು ಗಡುಸಾಗುತ್ತಿದೆ ಎಂಬ ಸುಳಿವು ಸಿಗುತ್ತದೆ. ಅದಕ್ಕೇ ಒಂದಿಡೀ ದಿನದ ಮೂತ್ರವನ್ನು ತೊಟ್ಟೂ ಬಿಡದೆ ನನ್ನಲ್ಲಿ ತುಂಬಿಸಬೇಕಿತ್ತು.

ಮನೆಗೆ ಒಯ್ದು ತುಂಬಿಸಿದರು ಪಾಪ. ಆದರೆ ಸೊಸೆ ಪಂಕಜ ಬಚ್ಚಲು ತೊಳೆಯುವಾಗ ಕಾಲು ತಾಗಿ ನಾನು ಉರುಳಿದೆ. ಮುಚ್ಚಳ ಸಡಿಲವಿತ್ತು, ಅರ್ಧ ಚೆಲ್ಲಿಹೋಯಿತು. ಮಾವನಿಗೆ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ನಲ್ಲಿ ತಿರುಗಿಸಿ ಮೊದಲಿದ್ದಷ್ಟು ನೀರು ತುಂಬಿಸಿಬಿಟ್ಟಳು. ಮೈಮೇಲೆ ಅವರ ಹೆಸರು, ಹೊಟ್ಟೆಯಲ್ಲಿ ನಲ್ಲಿ ನೀರು. ಆಸ್ಪತ್ರೆಯವರು ನನ್ನಿಂದ ಒಂದಿಷ್ಟು ಬಗ್ಗಿಸಿಕೊಳ್ಳುವಾಗ ನಾಚಿಕೆಯಿಂದ ಸತ್ತೇಹೋದೆ.

ವಾರದ ನಂತರ ರಿಪೋರ್ಟ್ ಬಂತು. ಮತ್ತೆ ಬೇಕಾದೀತೆಂದು ಮಾವ ನನ್ನನ್ನೂ ಚೀಲದಲ್ಲಿ ತಂದಿದ್ದರು.

"ಕೊಲಾಜೆನ್ ರಕ್ತದಲ್ಲಿ ಜಾಸ್ತಿ ಕಾಣ್ತಿದೆ, ಮೂತ್ರದಲ್ಲಿ ಕಮ್ಮಿ ಇದೆ. ಸದ್ಯ ಮಾತ್ರೆ ಏರಿಸೋದು ಬೇಡ, ಮೂರು ತಿಂಗಳು ನೋಡೋಣ," ಎಂದರು ಡಾಕ್ಟರು. ಪಂಕಜ ತಲೆ ತಗ್ಗಿಸಿ ನಿಂತಿದ್ದಳು.

ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲಿಳಿದು ಹೊರಗೆ ಬಂದ ಮೇಲೆ ಮಾವ ಖುಷಿಯಿಂದ ಅವಳಿಗೆ ಎಳನೀರು ಕೊಡಿಸಿದರು. "ನೀನು ಜ್ವಾಪಾನವಾಗಿ ನೋಡ್ಕಂಡಿದ್ಕೆ ಒಳ್ಳೇದಾಯ್ತು ಕಣವ್ವ."

ಅವಳು ಎಳನೀರನ್ನು ಕುಡಿಯದೆ ಕೆಳಗಿಟ್ಟಳು. "ಮಾವ, ಅದು ಅರ್ಧ ಚೆಲ್ಲೋಗಿತ್ತು... ನಾನೇ ನೀರು ಸುರ್ದೆ," ಎಂದು ಅತ್ತುಬಿಟ್ಟಳು.

ಅವರು ಮೇಲಿನ ಮಹಡಿಯತ್ತ ನೋಡಿದರು. "ಹಂಗಾರೆ ನಡಿ, ಹೇಳ್ಬುಟ್ಟು ಬರಾನ."

"ನೀವು ಹತ್ಬೇಡಿ ಮಾವ, ನಾನೇ ಹೋಗಿ ಹೇಳ್ತೀನಿ."

"ನಿನ್ನೊಬ್ಬಳ್ನೇ ಬೈಸ್ಕಳಕ್ಕೆ ಬಿಡಕ್ಕಾಯ್ತದಾ?"

ಅವಳ ಹೆಗಲು ಹಿಡಿದು, ನಿಂತು ನಿಂತು, ಬಾಯಲ್ಲಿ ಉಸಿರು ಎಳೆಯುತ್ತ ಹತ್ತಿದರು. ಆ ಉಸಿರು ಚೀಲದೊಳಗಿದ್ದ ನನಗೂ ಕೇಳುತ್ತಿತ್ತು.

ಹೊಸ ಕ್ಯಾನಿನಲ್ಲಿ ಮತ್ತೆ ಪರೀಕ್ಷೆಯಾಯಿತು, ಮಾತ್ರೆ ಏರಿತು. ನಾನೀಗ ಫಿನಾಯಿಲ್ ತುಂಬಿಕೊಂಡು ಬಚ್ಚಲ ಮೂಲೆಯಲ್ಲಿದ್ದೇನೆ. ಮಾವ ಅದನ್ನೆಲ್ಲ ಎಂದೋ ಮರೆತಿದ್ದಾರೆ. ಆದರೆ ಹೊಸ್ತಿಲಲ್ಲಿ ಅವರು ಏದುಸಿರು ಬಿಟ್ಟಾಗಲೆಲ್ಲ ಪಂಕಜ ಬಂದು, ಬಿಗಿಯಾಗಿಯೇ ಇರುವ ನನ್ನ ಮುಚ್ಚಳವನ್ನು ಇನ್ನೊಮ್ಮೆ ಬಿಗಿ ಮಾಡಿ ಹೋಗುತ್ತಾಳೆ.